ಕೊನೆಯ ಅಧ್ಯಾಯ ಹೊಲಿದಿಟ್ಟ ಪುಸ್ತಕಗಳು

ನಿವೃತ್ತಿಯಾದ ಮೇಲೆ ಆರಾಮಾಗಿ ಕೂತುಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಕೂರುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕನ್ನಡ ಪಾಠವನ್ನು ಜೀವನವಿಡೀ ನಿಂತೇ ಮಾಡಿದವಳು ನಾನು. ಈಗ ಶಿರಸಿಯ ಈ ಮನೆಯಲ್ಲಿ ಅಡಿಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡಿಗೆಮನೆಗೆ ತಿರುಗುತ್ತಲೇ ಇರುತ್ತೇನೆ. “ಬಾಲ ಸುಟ್ಟ ಬೆಕ್ಕಿನ ಹಾಂಗೆ ತಿರ್ಗಡ ಮಾರಾಯ್ತಿ, ನೋಡಿ ನೋಡಿ ನಂಗೇ ತಲೆ ತಿರುಗ್ತು” ಎಂದು ಯಜಮಾನರು ಪೇಪರಿನ ಹಿಂದಿನಿಂದ ಗೊಣಗುತ್ತಾರೆ.

ಈ ವಾರ ತಿರುಗಾಟ ಹೆಚ್ಚಾಗಿದೆ. ಕಾರಣ ಅಶ್ವಿನಿ. ಯಲ್ಲಾಪುರ ಕಡೆಯ ಹೈಸ್ಕೂಲಿಗೆ ಹೊಸದಾಗಿ ಕನ್ನಡ ಶಿಕ್ಷಕಿಯಾಗಿ ಸೇರಿದ ಹುಡುಗಿ. ಫೋನ್ ಮಾಡಿ ಕೇಳಿದಳು: “ಮೇಡಂ, ಓದುವ ಅವಧಿಗೆ ಪತ್ತೇದಾರಿ ಕಾದಂಬರಿ, ದೆವ್ವದ ಕಥೆ ಇಂಥದ್ದೆಲ್ಲ ಕೊಟ್ರೆ ತಪ್ಪಾ? ನಮ್ಮ ಹೆಡ್‌ಮಾಸ್ತರು ಕಣ್ಣು ಕೆಂಪು ಮಾಡ್ತಾರೆ. ನೀವು ಕೊಡ್ತಿದ್ರಿ ಅಂತ ಕೇಳಿದೀನಿ.” ಹೌದು ಕೊಡು ಎನ್ನಲು ಬಾಯಿ ತೆರೆದೆ, ಮಾತು ಬರಲಿಲ್ಲ. ಬೇಡ ಎನ್ನಲೂ ಬರಲಿಲ್ಲ. ಕುಕ್ಕರ್ ಕೂಗುತ್ತಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟುಬಿಟ್ಟೆ. ಅವತ್ತಿನಿಂದ ಕೂತರೆ ಸಮಾಧಾನವಿಲ್ಲ, ನಿಂತರೆ ಸಮಾಧಾನವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಶ್ವಿನಿಗೆ, ಮತ್ತು ಅವಳಂತೆ ಈಗಷ್ಟೇ ಈ ಕೆಲಸಕ್ಕೆ ಕಾಲಿಟ್ಟವರಿಗೆ.

ಮೊದಲು ಸಿದ್ದಾಪುರದ ಕಥೆ ಹೇಳಬೇಕು. ನನ್ನ ಮೊದಲ ಶಾಲೆ ಅದು. ಅಲ್ಲಿ ಪುಸ್ತಕಗಳ ಒಂದು ಕಪಾಟಿತ್ತು, ಅದಕ್ಕೊಂದು ಬೀಗವಿತ್ತು. ಒಳಗಿದ್ದದ್ದು ಒಳ್ಳೊಳ್ಳೆಯ ಪುಸ್ತಕಗಳೇ. ಸಾಹೇಬರು ತನಿಖೆಗೆ ಬರುವ ದಿನ ಮಾತ್ರ ಬೀಗ ತೆಗೆದು, ಧೂಳು ಒರೆಸಿ, ಮಕ್ಕಳ ಕೈಯಲ್ಲಿ ಒಂದೊಂದು ಹಿಡಿಸಿ ಸಾಲಾಗಿ ಕೂರಿಸುತ್ತಿದ್ದೆವು. ಸಾಹೇಬರ ಜೀಪು ತಿರುವು ದಾಟಿದ್ದೇ ತಡ, ಪುಸ್ತಕಗಳು ಮತ್ತೆ ಒಳಗೆ. ಹರಿದು ಹೋದರೆ ಯಾರು ಉತ್ತರ ಕೊಡುವುದು ಎಂಬ ಹೆದರಿಕೆ. ಓದದೆ ಉಳಿದರೆ ಉತ್ತರ ಕೊಡಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಮಕ್ಕಳ ಪಾಟೀಚೀಲ ತಪಾಸಣೆ ಮಾಡುವುದು ಅಲ್ಲಿನ ಪದ್ಧತಿ. ಹಾಗೊಂದು ಶನಿವಾರ ಹತ್ತನೆಯ ತರಗತಿಯವನೊಬ್ಬನ ಭೂಗೋಳದ ಪುಸ್ತಕದೊಳಗಿಂದ ಹಸಿರು ರಟ್ಟಿನ ಕೊಲೆಯ ಕಾದಂಬರಿಯೊಂದು ಜಾರಿ ಬಿತ್ತು. ಅವನನ್ನು ಬಿಸಿಲಲ್ಲಿ ನಿಲ್ಲಿಸಿದರು. ಪುಸ್ತಕವನ್ನು ಜಪ್ತಿ ಮಾಡಿ ಶಿಕ್ಷಕರ ಕೊಠಡಿಯ ಕಪಾಟಿಗೆ ಹಾಕಿದರು. ಮಂಗಳವಾರ ನೋಡಿದರೆ ಪುಸ್ತಕ ಅಲ್ಲಿಲ್ಲ.

ಗಣಿತದ ಹೆಗಡೆ ಮಾಸ್ತರು ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು. “ಅಕ್ಕೋರೇ, ಆ ಹಸಿರು ರಟ್ಟಿನ ಪುಸ್ತಕ ಎಲ್ಲಿ ಹೋತು?” ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುವುದು.

“ಎಂತಕ್ಕೆ ಮಾಸ್ತರೇ?”

“ಎಂತಕ್ಕೂ ಅಲ್ಲ. ಅದ್ರಲ್ಲಿ ಎಂತ ಕೆಟ್ಟದ್ದು ಇದ್ದು ಹೇಳಿ ನೋಡ್ತಾ ಇದ್ದಿದ್ದೆ.”

“ಎಷ್ಟು ನೋಡಿದ್ರಿ?”

“ಅರ್ಧ ಆತು. ಕೊಂದವ ಯಾರು ಹೇಳಿ ಇನ್ನೂ ಗೊತ್ತಾಜಿಲ್ಲೆ.”

ಆಚೆ ಮೂಲೆಯಲ್ಲಿ ಸೀಟಿ ಒರೆಸುತ್ತ ಕೂತಿದ್ದ ವ್ಯಾಯಾಮದ ಮಾಸ್ತರು ತಲೆ ಎತ್ತದೆ “ಡಾಕ್ಟ್ರೇ ಕೊಂದಿದ್ದು” ಎಂದುಬಿಟ್ಟರು. ಹೆಗಡೆ ಮಾಸ್ತರ ಮುಖ ನೋಡಬೇಕಿತ್ತು! ಬಹಳ ದಿನ ಅವರಿಬ್ಬರ ನಡುವೆ ಮಾತಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. ಆದರೆ ನಗು ನಿಂತ ಮೇಲೆ ಹೊಳೆಯಿತು. ಬಿಸಿಲಲ್ಲಿ ನಿಂತವನು ಒಬ್ಬ, ಕದ್ದು ಓದಿದವರು ನಾವೆಲ್ಲ. ಬೀಗ ಹಾಕಿದ ಕಪಾಟಿನ ಪುಸ್ತಕಕ್ಕಾಗಿ ಮಾತು ಬಿಟ್ಟವರನ್ನು ನಾನು ಈವರೆಗೆ ನೋಡಿಲ್ಲ.

ಅಲ್ಲಿಂದ ಯಲ್ಲಾಪುರಕ್ಕೆ ವರ್ಗವಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಗಫಾರ್ ಸಾಹೇಬರು ಎಂಬವರ ಕಾದಂಬರಿ ಬಾಡಿಗೆ ಅಂಗಡಿ ಇತ್ತು. ಘಟ್ಟ ಇಳಿಯುವ ಲಾರಿ ಡ್ರೈವರುಗಳು, ಆಸ್ಪತ್ರೆಯ ನರ್ಸುಗಳು, ದರ್ಜಿಗಳು, ಎಲ್ಲರೂ ಅವರ ಗಿರಾಕಿಗಳು. ಆ ಊರಿನ ಶಾಲೆಯಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದೆ. ಎಲ್ಲರ ಕೈಗೂ ಮೊಬೈಲ್ ಬಂತು, ಅಂಗಡಿಗೆ ಜನ ಬರುವುದು ನಿಂತಿತು. ನನಗೆ ಬನವಾಸಿ ಕಡೆಯ ಶಾಲೆಗೆ ವರ್ಗವಾದ ಹೊತ್ತಿಗೇ ಸಾಹೇಬರು ಅಂಗಡಿ ಮುಚ್ಚುತ್ತಿದ್ದರು. “ಟೀಚರಮ್ಮಾ, ರದ್ದಿಗೆ ಹಾಕೋಕೆ ಮನಸ್ಸೇ ಬರ್ತಿಲ್ಲ. ನೀವು ತಗೊಂಡ್ಹೋಗಿ. ಮಕ್ಕಳ ಕೈಗೆ ಕೊಡಬಾರದ್ದು ಒಂದಷ್ಟಿತ್ತು, ಅದನ್ನ ನಾನೇ ತೆಗೆದು ಬದಿಗಿಟ್ಟಿದ್ದೀನಿ. ಆದ್ರೂ ನೀವೊಂದ್ಸಲ ನೋಡ್ಕೊಳ್ಳಿ” ಎಂದರು. ಒಂದು ತಗಡಿನ ಪೆಟ್ಟಿಗೆ ತುಂಬ ಪುಸ್ತಕಗಳು. ಒಂದೂ ಬಿಡದೆ ಓದಿದೆ. ಇನ್ನೂ ಕೆಲವನ್ನು ತೆಗೆದೆ. ಉಳಿದದ್ದು ಕೊಲೆ, ಕಳ್ಳತನ, ದೆವ್ವ, ಕಾಣೆಯಾದ ಹೆಂಡತಿ. ಅಂಥ ಘನವಾದ ಭಾಷೆಯೇನಲ್ಲ, ಆದರೆ ಪುಟ ಮುಗಿದದ್ದು ಗೊತ್ತಾಗದಂತೆ ಎಳೆದುಕೊಂಡು ಹೋಗುವಂಥವು.

ಬನವಾಸಿ ಕಡೆಗೆ ಹೋದರೆ ಕನ್ನಡದ ದನಿಯೇ ಬದಲು. ಇಲ್ಲಿಯ ‘ಎಂತ’ ಅಲ್ಲಿ ‘ಏನ್ರಿ’ ಆಗುತ್ತದೆ. ಆ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ರೇಣುಕಾ ಇದ್ದಳು. ಗುಡ್ನಾಪುರದ ಹತ್ತಿರದ ಹಳ್ಳಿಯ ಹುಡುಗಿ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಚೂಟಿ. ಆದರೆ ಸರದಿಯಂತೆ ಪಾಠ ಓದಿಸುವಾಗ ಅವಳ ಸರದಿ ಬಂತೋ, ಗಂಟಲು ನೋವು. ಪ್ರತಿ ಸಲವೂ ಗಂಟಲು ನೋವು. ಒಂದು ದಿನ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಒಂದು ಸಾಲು ದಾಟುವಷ್ಟರಲ್ಲಿ ಹಣೆಯ ಮೇಲೆ ಬೆವರು. ಒಂಬತ್ತನೆಯ ತರಗತಿಗೆ ಹೇಗೆ ಬಂದಳು ಎಂದು ಕೇಳಬೇಡಿ, ಎಲ್ಲರೂ ಬರುವ ಹಾಗೆಯೇ ಬಂದಳು.

ಅವಳ ಅಪ್ಪ ಫಕೀರಪ್ಪ ಅನಾನಸು, ಭತ್ತ ಬೆಳೆಯುವ ರೈತ. ನಮ್ಮ ಶಾಲಾಭಿವೃದ್ಧಿ ಸಮಿತಿಯ ಸದಸ್ಯ ಕೂಡ. ನೇರ ಮಾತಿನ ಮನುಷ್ಯ. ಒಮ್ಮೆ ಬಂದು ನಿಂತುಕೊಂಡೇ ಹೇಳಿದರು. “ಅಕ್ಕೋರ, ಓದಾಕ ಬರಂಗಿಲ್ಲ ಅಂದಮ್ಯಾಲ ಸಾಲಿ ಯಾತಕ್ರಿ? ಆಕಿಗೂ ತ್ರಾಸು, ನಿಮಗೂ ತ್ರಾಸು. ಈ ಒಂದ್ ವರ್ಷ ನೋಡ್ತೇನಿ. ಆಗಲಿಲ್ಲ ಅಂದ್ರ ಅವ್ವನ ಜೋಡಿ ಹೊಲಕ್ಕ ಹೋಗ್ಲಿ.”

“ಹಂಗೆಲ್ಲ ಬಿಡಿಸ್ಬೇಡಿ ಫಕೀರಪ್ಪ. ನಾನು ಓದಿಸ್ತೀನಿ.”

“ಓದಸ್ರಿ. ನಾ ಏನ್ ಬ್ಯಾಡ ಅಂದೇನೇನು?”

ಹೇಳಿದ್ದೇನೋ ಹೇಳಿಬಿಟ್ಟೆ. ಓದಿಸುವುದು ಹೇಗೆ? ಶಾಲೆಯ ಕಪಾಟಿನಿಂದ ಚಂದದ ಸಣ್ಣಕಥೆಗಳನ್ನು ಆರಿಸಿ ಕೊಟ್ಟೆ. ನನಗೆ ಪ್ರಾಣವಾದ ಕಥೆಗಳು ಅವು. ರೇಣುಕಾ ಪುಸ್ತಕ ಬಿಡಿಸಿಟ್ಟುಕೊಂಡು ಕಿಟಕಿ ನೋಡುತ್ತಿದ್ದಳು. ಕೊನೆಗೆ ತಲೆ ಚಿಟ್ಟು ಹಿಡಿದು ಒಂದು ದಿನ ಆ ತಗಡಿನ ಪೆಟ್ಟಿಗೆಯನ್ನೇ ತರಗತಿಗೆ ತರಿಸಿ ಮುಚ್ಚಳ ತೆಗೆದೆ. “ಏನು ಬೇಕೋ ತಗೊಳ್ರಿ” ಎಂದೆ. ಮಕ್ಕಳು ಮುಗಿಬಿದ್ದರು. ಮರುದಿನ ಎಲ್ಲರೂ ಓದಿ ಮುಗಿಸಿದ್ದರು! ನಾನು ಹಿಗ್ಗಿ ಹೀರೇಕಾಯಿಯಾದೆ. ವಿಚಾರಿಸಿದರೆ ಎಲ್ಲರೂ ಕೊನೆಯ ಪುಟ ತಿರುವಿ ಕೊಂದವನ ಹೆಸರು ನೋಡಿಕೊಂಡು ಪುಸ್ತಕ ಮುಚ್ಚಿಟ್ಟವರೇ.

ಕೋಪ ಬಂತು. ಮನೆಗೆ ಹೋಗಿ ದಬ್ಬಣ ತೆಗೆದೆ, ಗೋಣಿ ಹೊಲಿಯುವ ದಾರ ತೆಗೆದೆ. ಪ್ರತಿಯೊಂದು ಪುಸ್ತಕದ ಕೊನೆಯ ಅಧ್ಯಾಯವನ್ನೂ ಮೂರು ಬದಿಯಿಂದ ಹೊಲಿದುಬಿಟ್ಟೆ. ಯಜಮಾನರು ನೋಡಿ ಪೇಪರು ಎತ್ತಿಕೊಂಡು ಒಳಗೆ ಹೋದರು. ಮಕ್ಕಳಿಗೆ ನಿಯಮ ಹೇಳಿದೆ: ಅಪರಾಧಿ ಯಾರು ಅಂತ ಊಹಿಸಿ ಹೇಳಬೇಕು. ಯಾಕೆ ಅವನೇ ಅಂತ ಪುಟ ತೋರಿಸಿ, ಗಟ್ಟಿಯಾಗಿ ಓದಿ ಹೇಳಬೇಕು. ಆಮೇಲೆ ಕತ್ತರಿ ಕೊಡ್ತೀನಿ.

ಅಶ್ವಿನಿ, ನನ್ನ ಕೆಲಸದ ಜೀವನದಲ್ಲಿ ನಾನೇ ಕಂಡುಹಿಡಿದ ಉಪಾಯ ಇದೊಂದೇ. ತರಬೇತಿಗಳಲ್ಲಿ ಕಲಿಸಿದ ಚಟುವಟಿಕೆಗಳು ಯಾವುವೂ ನೆನಪಿಲ್ಲ. ‘ಪುಟ ತೋರಿಸು’ ಎಂಬುದು ಮಾತ್ರ ಇವತ್ತಿಗೂ ಬಾಯಿಗೆ ಬರುತ್ತದೆ.

ಗಂಟಲು ನೋವಿನ ಹುಡುಗಿ ಮೊದಲ ಸಲ ಕೈ ಎತ್ತಿದ್ದು ಹೀಗೆ. ಒಂದು ದೊಡ್ಡ ಮನೆ, ಸತ್ತು ಬಿದ್ದ ಯಜಮಾನ, ಮನೆ ತುಂಬ ಅನುಮಾನದ ಜನ. ತರಗತಿಯೆಲ್ಲ ಅಡಿಗೆಯವಳ ಮೇಲೆ ಬೊಟ್ಟು ಮಾಡುತ್ತಿತ್ತು. ರೇಣುಕಾ ಎದ್ದು ನಿಂತಳು. “ಆಕಿ ಅಲ್ರಿ ಅಕ್ಕೋರ. ಮಾಲಿ ಅದಾನಲ್ರಿ, ಅಂವ.”

“ಪುಟ ತೋರಿಸು.”

ಬೆರಳಿಟ್ಟು ಓದಿದಳು. ತಡವರಿಸಿದಳು, ಒತ್ತಕ್ಷರದ ಹತ್ತಿರ ನಿಂತಳು, ಮತ್ತೆ ಹಿಂದಿನಿಂದ ಹಿಡಿದು ಓದಿ ದಾಟಿದಳು. ಹಣೆಯಲ್ಲಿ ಬೆವರಿತ್ತು, ಆದರೆ ಒರೆಸಿಕೊಳ್ಳಲೂ ಪುರಸೊತ್ತಿರಲಿಲ್ಲ. “ಮಳಿ ಬಂದಿತ್ತಂತ ಇಲ್ಲಿ ಬರದಾರ್ರಿ. ಮಾಲಿ ಚಪ್ಪಲಿಗೆ ಕೆಸರಿಲ್ಲಂತ ಇಲ್ಲಿ ಬರದಾರ. ಅಂವ ತ್ವಾಟದಾಗ ಇದ್ದೆ ಅಂತಾನ. ಅಂದ್ರ ಸುಳ್ಳ ಹೇಳ್ತಾನ್ರಿ!”

ತರಗತಿಯೆಲ್ಲ ಅವಳ ಕಡೆ ತಿರುಗಿತು. ಅವಳು ಓದುವುದನ್ನು ಅವರು ಕೇಳಿದ್ದೇ ಅದು ಮೊದಲು. ಕತ್ತರಿ ಕೊಟ್ಟೆ. ದಾರ ಕತ್ತರಿಸಿ ಓದಿದರೆ, ಕೊಂದವನು ಮಾಲಿಯಲ್ಲ, ಯಜಮಾನನ ತಮ್ಮ. ರೇಣುಕಾಗೆ ಎಲ್ಲಿಲ್ಲದ ಸಿಟ್ಟು. “ಹಂಗಾರ ಚಪ್ಪಲಿಗೆ ಕೆಸರಿಲ್ಲಂತ ಯಾಕ್ ಬರದಾರ್ರಿ? ಬರದಾಂವಗ ಮರತು ಹೋಗೈತಿ. ನಂದ ಖರೆ ಐತ್ರಿ!” ಎಂದು ಪುಸ್ತಕವನ್ನು ಬಡಿದಿಟ್ಟಳು. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಅಚ್ಚಾದ ಅಕ್ಷರ ಕಂಡರೆ ನಡುಗುತ್ತಿದ್ದವಳು ಬರೆದವನ ಜೊತೆಗೇ ಜಗಳಕ್ಕೆ ನಿಂತಿದ್ದಳು.

ಆಮೇಲೆ ಪುಸ್ತಕ ಮನೆಗೆ ಒಯ್ಯತೊಡಗಿದಳು. ಸಂಜೆ ಅಪ್ಪ, ಅವ್ವನಿಗೆ ಓದಿ ಹೇಳುತ್ತಿದ್ದಳಂತೆ. ಓದು ನಿಧಾನ, ಹಾಗಾಗಿ ಒಂದೊಂದು ಪುಸ್ತಕವೂ ದಿನಗಟ್ಟಲೆ. ಫಕೀರಪ್ಪ ದಾರಿಯಲ್ಲಿ ಸಿಕ್ಕಾಗ ಬೈಕ್ ನಿಲ್ಲಿಸಿ ಹೇಳಿದರು. “ಏನ್ ಹಚ್ಚೀರಿ ಅಕ್ಕೋರ ಇದನ್ನ? ಆ ಹೊಲಿಗಿ ಬಿಚ್ಚೂ ಮಟಾ ನಮಗ ನಿದ್ದಿ ಬರವಲ್ದು.”

ಇಷ್ಟಕ್ಕೇ ನಿಲ್ಲಿಸಿದ್ದರೆ ಚಂದವಿತ್ತು. ತನಿಖೆ ಬಂತು.

ಬಂದವರು ಕನ್ನಡದ ವಿಷಯ ಪರಿವೀಕ್ಷಕರು. ಒಳ್ಳೆಯ ಓದುಗರು, ಮೃದು ಮಾತಿನವರು, ಮಕ್ಕಳ ಹೆಗಲ ಮೇಲೆ ಕೈಯಿಟ್ಟು ಮಾತಾಡಿಸುವವರು. ಅವರನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ತರಗತಿಯ ಮೂಲೆಯ ಪೆಟ್ಟಿಗೆಯಿಂದ ಪುಸ್ತಕವೊಂದನ್ನು ಎತ್ತಿ ಪುಟ ತಿರುವುತ್ತ ಹೋದವರು ಕೊನೆಗೆ ಬಂದು ನಿಂತರು. ಹೊಲಿಗೆ! ಇನ್ನೊಂದು ತೆಗೆದರು. ಅದಕ್ಕೂ ಹೊಲಿಗೆ.

“ಏನಮ್ಮಾ ಇದು? ಮಕ್ಕಳಿಗೆ ಕೊಡುವ ಪುಸ್ತಕದಲ್ಲಿ ಮುಚ್ಚಿಡುವಂಥದ್ದು ಏನಿದೆ?”

“ಕೊನೆಯ ಅಧ್ಯಾಯ ಸರ್.”

“ಅದನ್ನೇ ಯಾಕೆ ಮುಚ್ಚಿದಿರಿ?”

“ಎಲ್ಲಾ ಇರೋದು ಅಲ್ಲೇ ಅಲ್ವಾ ಸರ್” ಎಂದೆ.

ನಮ್ಮ ಹೆಡ್‌ಮಾಸ್ತರ ಮುಖ ಬಿಳುಚಿಕೊಂಡಿತು. ನಾನು ಏನು ಹೇಳಿದೆ ಎಂದು ನನಗೆ ಹೊಳೆಯುವ ಮುಂಚೆಯೇ ಮಾತು ಕಾರಿಡಾರ್ ದಾಟಿತ್ತು. ಅಕ್ಕೋರು ಹೊಲಸು ಪುಸ್ತಕ ಹೊಲಿದು ಕೊಡ್ತಾರಂತ! ತನಿಖೆಗೆಂದು ಸಮಿತಿಯವರೂ ಶಾಲೆಗೆ ಬಂದಿದ್ದರು. ಊಟವಾದದ್ದೇ ಹೆಡ್‌ಮಾಸ್ತರ ಕೊಠಡಿಯಲ್ಲಿ ಸಭೆ. ಮೇಜಿನ ಮೇಲೆ ಆ ಪುಸ್ತಕ. ಸುತ್ತ ಜನ.

“ತೆಗೀರಿ ನೋಡೋಣ” ಎಂದರು ಪರಿವೀಕ್ಷಕರು. ಸಮಿತಿಯ ಅಧ್ಯಕ್ಷರು ಜೇಬಿನಿಂದ ಅಡಿಕೆ ಕತ್ತರಿ ತೆಗೆದು ದಾರ ಕತ್ತರಿಸಿದರು. ಪರಿವೀಕ್ಷಕರು ಗಂಟಲು ಸರಿ ಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು. ತೋಟದ ಬಾವಿ, ಸುಳ್ಳು ಹೇಳಿದ ಮ್ಯಾನೇಜರು, ಉಂಗುರ ಸಿಕ್ಕ ಜಾಗ. ಒಳ್ಳೆಯ ದನಿ ಅವರದು. ಒಂದು ಪುಟ ಆಯಿತು, ಎರಡಾಯಿತು. ಹೊಲಸು ಬರಲೇ ಇಲ್ಲ. ನೀರು ಕುಡಿಯಲೆಂದು ಅವರು ನಿಲ್ಲಿಸಿದಾಗ ನಮ್ಮ ಹೆಡ್‌ಮಾಸ್ತರು ಕುರ್ಚಿಯ ತುದಿಗೆ ಬಂದಿದ್ದರು. “ಸರ್, ಮುಂದೆ?”

ಮುಗಿಯಿತು. ಅಧ್ಯಕ್ಷರಿಗೆ ನಿರಾಸೆ. “ಇಷ್ಟಕ್ಕ ಹೊಲದಿದ್ರೇನ್ರಿ?” ಎಂದರು. ಫಕೀರಪ್ಪ ಮಾತ್ರ ಸಿಟ್ಟಾಗಿದ್ದರು. “ಈ ಪುಸ್ತಕ ನಮ್ಮ ಹುಡುಗಿ ನಾಳಿ ಒಯ್ಯಾಕಿ ಇದ್ಲು. ಎಲ್ಲಾ ಹೇಳಿಬಿಟ್ರಿ.”

ನಗುವಿನಲ್ಲಿ ಸಭೆ ಮುಗಿಯುತ್ತದೆ ಎಂದುಕೊಂಡೆ. ಪರಿವೀಕ್ಷಕರು ನಗಲಿಲ್ಲ. ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದರು. “ಕೆಟ್ಟದ್ದೇನೂ ಇಲ್ಲ, ಒಪ್ಪಿದೆ. ತಪ್ಪು ತಿಳಿದಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಆದ್ರೆ ಒಂದು ಮಾತು ಕೇಳ್ತೀನಿ. ಮಗುವಿಗೆ ಶಾಲೆಯಲ್ಲಿ ಓದೋಕೆ ಸಿಗೋದು ಇಷ್ಟೇ ಇಷ್ಟು ಹೊತ್ತು. ಹೊರಗಡೆ ಸಿಗೋದನ್ನೇ ನೀವೂ ಕೊಟ್ರೆ, ಹೊರಗಡೆ ಸಿಗದೇ ಇರೋದನ್ನ ಅವರಿಗೆ ಯಾರು ಕೊಡ್ತಾರೆ?”

ಅವತ್ತು ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಎಲ್ಲರೂ ಹೇಳುವ ಉತ್ತರ. “ಇದು ಮೆಟ್ಟಿಲು ಸರ್. ಇಲ್ಲಿಂದ ಹತ್ತಿ ದೊಡ್ಡ ಪುಸ್ತಕಕ್ಕೆ ಹೋಗ್ತಾರೆ.”

“ಸರಿ ಹಾಗಾದ್ರೆ. ವಾರ್ಷಿಕ ಪರೀಕ್ಷೆಗೆ ಮುಂಚೆ ಬರ್ತೀನಿ. ಹತ್ತಿದವರನ್ನ ಒಬ್ಬರನ್ನಾದ್ರೂ ತೋರ್ಸಿ. ಪೆಟ್ಟಿಗೆ ಇರ್ಲಿ. ಇಲ್ಲ ಅಂದ್ರೆ ಶಾಲೆಯಿಂದ ಹೊರಗೆ ಹೋಗ್ಲಿ.”

ಎಲ್ಲರ ಬಾಯಿಗೂ ಬಂದ ಹೆಸರು ರೇಣುಕಾಳದ್ದು; ಅವಳನ್ನು ಕರೆಸಿದರು. ಪರಿವೀಕ್ಷಕರೇ ಕಪಾಟು ತೆಗೆಸಿ, ದಪ್ಪನೆಯ ಕಾದಂಬರಿಯೊಂದನ್ನು ಆರಿಸಿ ಅವಳ ಕೈಗೆ ಕೊಟ್ಟರು. “ನನ್ನ ಬದುಕನ್ನ ತಿದ್ದಿದ ಪುಸ್ತಕ ಕಣಮ್ಮಾ” ಎಂದರು. ಅವರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು.

ಆಮೇಲಿನ ತಿಂಗಳುಗಳನ್ನು ನೆನೆದರೆ ಈಗಲೂ ಎದ್ದು ಓಡಾಡಬೇಕು ಅನಿಸುತ್ತದೆ. ಅವಳು ಆ ಪುಸ್ತಕವನ್ನು ದಿನವೂ ತರುತ್ತಿದ್ದಳು, ದಿನವೂ ಒಯ್ಯುತ್ತಿದ್ದಳು. ಓದಿದ್ದರ ಗುರುತಿಗೆ ಇಟ್ಟ ನವಿಲುಗರಿ ಮುಂದೆ ಸರಿಯಲೇ ಇಲ್ಲ. ಪೆಟ್ಟಿಗೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತರಗತಿಯಲ್ಲಿ ಉಳಿದವರು ಕೊಲೆಗಾರನ ಬಗ್ಗೆ ಕಿತ್ತಾಡುತ್ತಿದ್ದರೆ ಇವಳು ತಲೆ ತಗ್ಗಿಸಿ ಕೂತಿರುತ್ತಿದ್ದಳು. ಸರದಿ ಓದಿಗೆ ಎಬ್ಬಿಸಿದೆ. “ಗಂಟಲು ನೋವ್ರಿ” ಎಂದಳು.

ಫಕೀರಪ್ಪ ಬಂದರು. “ಮನ್ಯಾಗ ಓದೂದ ನಿಂತೈತ್ರಿ. ಆ ದಪ್ಪ ಪುಸ್ತಕ ತಗದ್ರ ಆಕಳಿಸ್ತಾಳ, ಕೇಳಿದ್ರ ಅಳ್ತಾಳ. ನಡುವ ಚಲೋ ಆಗಿದ್ಲು, ಮತ್ತ ಹಂಗ ಆದ್ಲು. ನಾ ಮೊದ್ಲ ಹೇಳಿದ್ದೆ ನೋಡ್ರಿ ಅಕ್ಕೋರ.” ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಏನು ಮಾಡಲಿ? ಪುಸ್ತಕ ವಾಪಸು ತೆಗೆದುಕೊಂಡರೆ ತೋರಿಸಲು ಯಾರೂ ಇಲ್ಲ, ಪೆಟ್ಟಿಗೆ ಹೋಗುತ್ತದೆ, ಮುಂದೆ ಬರುವ ಮಕ್ಕಳಿಗೂ ಇಲ್ಲ. ತೆಗೆದುಕೊಳ್ಳದಿದ್ದರೆ ಈ ಹುಡುಗಿ ಹೋಗುತ್ತಾಳೆ. ಗಂಜಿ ಉಣ್ಣುವವಳ ಬಾಯಿಗೆ ಹೋಳಿಗೆ ತುರುಕಿದ ಹಾಗೆ ಆಗಿತ್ತು. ಎರಡು ದಿನ ಯಾವ ತರಗತಿಯಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಮೂರನೆಯ ದಿನ ಅವಳ ಬೆಂಚಿನ ಹತ್ತಿರ ಹೋದೆ.

“ತಾ ಇಲ್ಲಿ ಆ ಪುಸ್ತಕ.”

ಅವಳು ಎದೆಗವಚಿಕೊಂಡಳು. “ಓದ್ತೇನ್ರಿ ಅಕ್ಕೋರ. ಖರೇನ ಓದ್ತೇನಿ. ಓದಲಿಲ್ಲಂದ್ರ ಪೆಟ್ಟಿಗಿ ಒಯ್ತಾರಂತಲ್ರಿ.”

ಅಯ್ಯೋ ದೇವರೇ! ನಾವು ದೊಡ್ಡವರು ಮೆಟ್ಟಿಲು ಗಿಟ್ಟಿಲು ಎಂದು ಮಾತಾಡಿಕೊಂಡದ್ದನ್ನೆಲ್ಲ ಈ ಹುಡುಗಿ ತಲೆಯ ಮೇಲೆ ಹೊತ್ತುಕೊಂಡಿದ್ದಳು. ತನಗೆ ಸೇರದ ಪುಸ್ತಕವನ್ನು ಇಷ್ಟು ದಿನ ನುಂಗುತ್ತಿದ್ದದ್ದು ಉಳಿದವರ ಪೆಟ್ಟಿಗೆ ಉಳಿಯಲೆಂದು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಪುಸ್ತಕವನ್ನು ಅವಳ ಕೈಯಿಂದ ಬಿಡಿಸಿಕೊಂಡೆ. ಪೆಟ್ಟಿಗೆಯಿಂದ ಒಂದು ದೆವ್ವದ ಕಥೆ ತೆಗೆದು ಕೊಟ್ಟೆ. “ಪೆಟ್ಟಿಗೆ ಚಿಂತೆ ನಂದು. ನೀನು ಇದನ್ನ ಓದು. ಆ ಮನೇಲಿರೋದು ದೆವ್ವವೋ ಮನುಷ್ಯನೋ ನಾಳೆ ಬಂದು ಹೇಳು.” ಮರುದಿನ ಬೆಲ್ಲಾಗುವ ಮುಂಚೆಯೇ ಬಂದು ನಿಂತಿದ್ದಳು. “ಮನಷ್ಯಾನ ಅದಾನ್ರಿ! ಹಾಲು ದಿನಾ ಖಾಲಿ ಆಗ್ತೈತ್ರಿ!”

ಪರಿವೀಕ್ಷಕರು ಹೇಳಿದಂತೆಯೇ ಬಂದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. “ಯಾರೂ ಹತ್ತಲಿಲ್ಲ ಸರ್. ಮೆಟ್ಟಿಲು ಅಂದದ್ದು ನನ್ನ ತಪ್ಪು. ಅವರು ಇದನ್ನ ಓದ್ತಾರೆ, ಅಷ್ಟೇ. ಕೆಲವರು ಮುಂದೆ ಯಾವತ್ತೋ ದೊಡ್ಡ ಪುಸ್ತಕ ಹಿಡೀಬಹುದು. ಹಲವರು ಹಿಡಿಯೋದಿಲ್ಲ.”

ಅವರು ರೇಣುಕಾಳನ್ನು ಹತ್ತಿರ ಕರೆದರು. “ನಾನು ಕೊಟ್ಟ ಪುಸ್ತಕ ಯಾಕಮ್ಮಾ ಸೇರಲಿಲ್ಲ?”

“ಬೈಯಂಗಿಲ್ಲಲ್ರಿ?”

“ಇಲ್ಲ, ಹೇಳು.”

“ಅದರಾಗ ಎಲ್ಲಾರಿಗೂ ಮೊದ್ಲ ಎಲ್ಲಾ ಗೊತ್ತೈತ್ರಿ. ದುಃಖ ಮಾಡ್ಕೋಂತ ಕುಂದರ್ತಾರ. ಏನಾತು ಅಂತ ಯಾರೂ ಎದ್ದು ಹೋಗಿ ನೋಡಂಗಿಲ್ರಿ.”

ಪರಿವೀಕ್ಷಕರು ನಕ್ಕರು. ಆಮೇಲೆ ನಗು ಆರಿತು. “ನಾನು ಅದನ್ನ ಓದಿದಾಗ ನನಗೆ ಕೆಲಸ ಸಿಕ್ಕಿತ್ತು, ಮದುವೆ ಆಗಿತ್ತು” ಎಂದು ತಮಗೇ ಹೇಳಿಕೊಂಡರು. ನನ್ನ ಕಡೆ ತಿರುಗಿದರು. “ಆದ್ರೂ ಅಕ್ಕೋರೇ, ಶಾಲೆ ಅಂದ್ಮೇಲೆ ಒಂದು ಹದ ಬೇಕು. ಇವತ್ತು ನಿಮ್ಮಂಥವರು ಆರಿಸಿ ಕೊಡ್ತೀರಿ. ನಾಳೆ ಇನ್ಯಾರೋ ಸಿಕ್ಕಿದ್ದೆಲ್ಲ ತಂದು ತುಂಬಿದ್ರೆ? ಆಡಿದ ಮಾತಿನಂತೆ ಪೆಟ್ಟಿಗೆ ಹೊರಗೆ ಹೋಗ್ಲಿ.” ಹೊರಡುವಾಗ ಪೆಟ್ಟಿಗೆಯಿಂದ ಒಂದು ಪುಸ್ತಕ ಎತ್ತಿಕೊಂಡು, “ಪರಿಶೀಲನೆಗೆ ಒಂದು ಇರ್ಲಿ” ಎಂದು ಚೀಲಕ್ಕೆ ಹಾಕಿಕೊಂಡರು. ಹೊಲಿಗೆ ಬಿಚ್ಚದ್ದನ್ನೇ ಆರಿಸಿದ್ದರು.

ಫಕೀರಪ್ಪ ಅಲ್ಲೇ ಇದ್ದರು. ಪೆಟ್ಟಿಗೆಯನ್ನು ಎತ್ತಿ ಬೈಕಿನ ಹಿಂದೆ ಹಗ್ಗ ಹಾಕಿ ಕಟ್ಟಿದರು. “ಸಾಲ್ಯಾಗ ಇಡಬ್ಯಾಡ ಅಂದ್ರು. ನಮ್ಮನ್ಯಾಗ ಇಡಬ್ಯಾಡ ಅಂದಿಲ್ಲಲ್ರಿ?” ಎಂದು ಹೊರಟೇಬಿಟ್ಟರು.

ನನ್ನ ವಾದ ಹೀಗೆ ಸೋತಿತು, ಅಶ್ವಿನಿ. ಮನರಂಜನೆಯ ಕಾದಂಬರಿಗೆ ಶಾಲೆಯಲ್ಲಿ ಜಾಗ ಸಿಗಬೇಕೇ ಎಂದರೆ ಸಿಗಬೇಕು ಎಂದೇ ನನ್ನ ಹಟ. ಆದರೆ ಪರಿವೀಕ್ಷಕರ ಪ್ರಶ್ನೆಯನ್ನೂ ನಾನು ತಳ್ಳಿಹಾಕಲಾರೆ. ಹೊರಗೆ ಸಿಗದ್ದನ್ನು ಕೊಡುವುದೂ ನಮ್ಮದೇ ಕೆಲಸ. ಎರಡನ್ನೂ ಹೇಗೆ ಹೊಂದಿಸಬೇಕು ಎಂದು ನನಗೆ ಗೊತ್ತಾಗಲಿಲ್ಲ, ಅದಕ್ಕೇ ಈ ಓಡಾಟ. ಒಂದು ಮಾತ್ರ ಖಂಡಿತ ಹೇಳುತ್ತೇನೆ. ನಿನ್ನ ಹೆಡ್‌ಮಾಸ್ತರ ಹತ್ತಿರ ವಾದ ಮಾಡುವಾಗ ಮೆಟ್ಟಿಲಿನ ಮಾತು ಆಡಬೇಡ. ಆಡಿದರೆ ಯಾವುದಾದರೂ ಮಗುವನ್ನು ಹತ್ತಿಸಿ ತೋರಿಸು ಎನ್ನುತ್ತಾರೆ. ಹತ್ತಲಾಗದೆ ಒದ್ದಾಡುವುದು ನೀನಲ್ಲ, ಆ ಮಗು.

ಪರೀಕ್ಷೆಯಲ್ಲಿ ರೇಣುಕಾ ಪಾಸಾದಳು. ಕನ್ನಡದಲ್ಲಿ ಹೆಚ್ಚೇನೂ ಅಂಕವಿಲ್ಲ. ರಜೆ ಬಂತು, ರಜೆ ಮುಗಿಯಿತು. ಜೂನ್‌ನಲ್ಲಿ ಶಾಲೆ ತೆರೆದ ದಿನ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತು ನೋಡಿದೆ. ಅವಳಿಲ್ಲ. ಮರುದಿನವೂ ಇಲ್ಲ. ಅವಳ ಊರಿನ ಹುಡುಗಿಯರನ್ನು ಕೇಳಿದರೆ “ಹೊಲಕ್ಕ ಹೊಕ್ಕಾಳ್ರಿ” ಎಂದರು. ಫೋನ್ ಮಾಡಲು ಧೈರ್ಯವಾಗಲಿಲ್ಲ. ಮಾಡಿ ಏನು ಹೇಳಲಿ? ಓದಿಸುತ್ತೇನೆ ಎಂದವಳು ನಾನು. ನಡುವೆ ಓದು ನಿಲ್ಲಿಸಿದವಳೂ ನಾನು.

ವಾರದ ಕೊನೆಗೆ ಫಕೀರಪ್ಪ ಶಿಕ್ಷಕರ ಕೊಠಡಿಗೆ ಬಂದರು. ಕಾಲಿಗೆ ಮೆತ್ತಿದ ಕೆಸರು ಹಾಗೇ ಇತ್ತು, ಹೊಲದಿಂದ ನೇರ ಬಂದಿದ್ದರು. ಯಾವತ್ತೂ ನಿಂತೇ ಮಾತಾಡುವವರು ಅವತ್ತು ಕುರ್ಚಿ ಎಳೆದುಕೊಂಡು ಕೂತರು. ಟಿ.ಸಿ. ಕೇಳಲು ಬಂದರು, ಮುಗಿಯಿತು ಎಂದುಕೊಂಡೆ. ಅವರು ಬಾಯಿ ತೆರೆಯುವ ಮುಂಚೆ ನಾನೇ ಕೇಳಿಬಿಟ್ಟೆ. “ಬಿಡಿಸಿಬಿಟ್ರಾ ಹುಡುಗೀನ?”

“ಬಿಡಸಿದ್ದೆ” ಎಂದರು. “ಆಳು ಸಿಗವಲ್ರು. ಈಕಿ ಹ್ಯಾಂಗೂ ಒಂಬತ್ತು ಮುಗಸ್ಯಾಳ, ಸಾಕು ಅಂತ ಹೊಲಕ್ಕ ಕರಕೊಂಡ ಹೋದೆ. ಈಕಿ ಪುಸ್ತಕ ತಗೊಂಡ ಬಂದಾಳ್ರಿ! ಬದುವಿನ ಮ್ಯಾಲ ಕುಂತು ಗಟ್ಟಿಯಾಗಿ ಓದಾಕ ಹತ್ತಿದ್ಲು. ಅವರವ್ವ ಕೆಲಸ ಬಿಟ್ಟು ಕೇಳಾಕ ಕುಂತ್ಲು. ಇದ್ದ ಎರಡ್ ಆಳುಗೋಳು ಅವೂ ಬಂದು ಕುಂತ್ವು. ನಿನ್ನಿಯಂತೂ ಬಾಜೂ ಹೊಲದಾವ್ರೂ ಬಂದ್ರು. ಬೈದ್ರ ‘ತಡೀರಿ ಗೌಡ್ರ, ಕೊಂದಾಂವ ಸಿಗಲಿ’ ಅಂತಾರ. ವಾರ ಆತ್ರಿ ಅಕ್ಕೋರ, ಒಂದ್ ಸಾಲು ಕಳೆ ಕಿತ್ತಿಲ್ಲ. ನನ್ನ ಹೊಲ ಕೆಟ್ಟು ಕೆರ ಹಿಡದೈತಿ.”

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಫಕೀರಪ್ಪ ಎದ್ದು ನಿಂತರು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

“ಓದಾಕ ಬರಂಗಿಲ್ಲ ಅಂತ ಬಿಡಸಬೇಕಂತಿದ್ದೆ. ಈಗ ಈಕಿನ್ನ ಮನ್ಯಾಗ ಇಟ್ಕೊಳ್ಳೂದು ನನ್ನ ಕೈಲೆ ಆಗೂದಲ್ರಿ. ನೀವ ಇಟ್ಕೋರಿ” ಎಂದು ಬಾಗಿಲ ಕಡೆ ಕೈ ಮಾಡಿದರು.

ಹೊರಗೆ ಕಾರಿಡಾರಿನಲ್ಲಿ ರೇಣುಕಾ ಸಮವಸ್ತ್ರ ಹಾಕಿಕೊಂಡು ನಿಂತಿದ್ದಳು. ಒಳಗೆ ಬಾರೇ ಎಂದೆ. ಅವಳ ಅಪ್ಪ ಕೂತಿದ್ದ ಕುರ್ಚಿಯನ್ನು ಅವಳ ಕಡೆ ತಿರುಗಿಸಿಟ್ಟೆ. ಅವಳು ಬಂದಳು.